ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದ ಕರಡಿ

ಹೆಣ್ಣು ನೋಡುವ ಶಾಸ್ತ್ರವನ್ನು ಮನೆಯಲ್ಲಿ ಮಾಡುವುದು ಈಗ ಹಳೆಯ ಪದ್ಧತಿಯಂತೆ. ನಮ್ಮ ಕಾಲದಲ್ಲಿ ಹುಡುಗಿ ನೀರಿನ ತಂಬಿಗೆ ತಂದಿಡಬೇಕು, ತಲೆ ಬಗ್ಗಿಸಿ ಕೂರಬೇಕು, ಗಂಡಿನ ಕಡೆಯ ಯಾವಳಾದರೂ ಮುದುಕಿ ಜಡೆ ಎಳೆದು ಅಸಲಿಯೋ ಚೌರಿಯೋ ಎಂದು ನೋಡಬೇಕು, ಅಲ್ಲಿಗೆ ಮುಗಿಯಿತು. ನನ್ನ ಜಡೆಯನ್ನೂ ಎಳೆದಿದ್ದರು. ಹುಡುಗನ ತಲೆಯೊಳಗೆ ಏನಿದೆ ಎಂದು ಎಳೆದು ನೋಡುವ ಶಾಸ್ತ್ರ ಮಾತ್ರ ಹೆಣ್ಣಿನ ಕಡೆಯವರಿಗೆ ಇರಲಿಲ್ಲ. ಮದುವೆಯಾದ ಮೇಲೆ ನನಗೆ ಗೊತ್ತಾಯಿತು, ಎಳೆದಿದ್ದರೂ ಅಲ್ಲೇನೂ ಸಿಗುತ್ತಿರಲಿಲ್ಲ.

ಆದ್ದರಿಂದ ನನ್ನ ಮೊಮ್ಮಗಳು ಕಾವ್ಯ, ಹೊಳಲ್ಕೆರೆಯಲ್ಲಿ ನರ್ಸ್ ಆಗಿರುವವಳು, ಈ ಸಲ ಗಂಡಿನವರು ಮನೆಗೆ ಬರುವುದು ಬೇಡ, ಎರಡೂ ಮನೆಯವರು ಸೇರಿ ಒಂದು ದಿನ ಎಲ್ಲಿಗಾದರೂ ಹೋಗಿ ಬರೋಣ ಎಂದಾಗ ನಾನು ಅಡ್ಡ ಬರಲಿಲ್ಲ.

"ಉಪ್ಪಿಟ್ಟು ಕೇಸರಿಬಾತಿನ ಮುಂದೆ ಎಲ್ಲಾ ಗಂಡುಗಳೂ ಒಳ್ಳೇರೇ ಕಣಜ್ಜಿ. ಅರ್ಧ ಗಂಟೆ ನೋಡಿ ಜನ್ಮಕ್ಕೆ ಹೆಂಗೆ ಹೂಂ ಅನ್ಲಿ?" ಎಂದಳು.

ಅವಳು ಅದಾಗಲೇ ಎಷ್ಟೋ ಗಂಡುಗಳನ್ನು ಒಲ್ಲೆ ಎಂದಿದ್ದಳು. ನನ್ನ ಮಗ ತಿಪ್ಪೇಶನಿಗೆ ತಾಳ್ಮೆ ಮುಗಿದಿತ್ತು. "ಇದೇ ಕೊನೆ ನೋಡು. ಈ ಹುಡುಗನ್ನೂ ಒಲ್ಲೆ ಅಂದ್ರೆ ಮುಂದಿನ ಗಂಡನ್ನ ನಾನೇ ನೋಡಿ, ನಾನೇ ಒಪ್ಪಿ, ತಾಳಿ ಕಟ್ಟೋ ದಿನ ನಿನಗೆ ಹೇಳ್ತೀನಿ" ಎಂದ. ಅವನು ಹೇಳಿದರೆ ಮಾಡುವವನೇ. ಕುರಿ ಸಂತೆಯಲ್ಲಿ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಿ ಬೆಳೆದವನು. ಆ ವ್ಯಾಪಾರದಲ್ಲಿ ಕುರಿಯನ್ನು ಕೇಳುವ ಪದ್ಧತಿ ಇಲ್ಲ. ಹೀಗೆ ಕಾವ್ಯಳ ಪಾಲಿಗೆ ತಾನೇ ನೋಡಿ ತಾನೇ ಹೇಳುವುದಕ್ಕೆ ಇದ್ದದ್ದು ಆ ಒಂದು ದಿನ.

ಆ ಒಂದು ದಿನಕ್ಕೆ ಅವರೆಲ್ಲ ಸೇರಿ ಆರಿಸಿದ್ದು ಸಫಾರಿಯನ್ನು. ಚಿತ್ರದುರ್ಗದ ಆಚೆಯ ಗುಡ್ಡಗಳಲ್ಲಿ ಒಬ್ಬ ಜೀಪಿನವನು ಜನರನ್ನು ಕೂರಿಸಿಕೊಂಡು ಕಾಡು ತೋರಿಸುತ್ತಾನಂತೆ. ನನಗೆ ನಗು ಬಂತು. ನಾನು ಹುಟ್ಟಿದ್ದು ಶ್ರೀರಾಂಪುರದ ಕಡೆಯ ಕುರಿಹಟ್ಟಿಯಲ್ಲಿ. ಕಾಡಿನ ಪ್ರಾಣಿ ಕಣ್ಣಿಗೆ ಬೀಳದಿರಲಿ ಎಂದು ದಿನಾ ಬೆಳಗ್ಗೆ ಕೈ ಮುಗಿದು ಹೊರಡುತ್ತಿದ್ದವರು ನಾವು. ಈಗ ಅದೇ ಪ್ರಾಣಿ ಕಣ್ಣಿಗೆ ಬೀಳಲಿ ಎಂದು ಬಾಡಿಗೆ ಕೊಡುವುದು. ಕಾಲ ಬದಲಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಕಾಲ ಅಲ್ಲೇ ಇದೆ, ನಮಗೆ ಸೊಕ್ಕು ಹೆಚ್ಚಾಗಿದೆ, ಅಷ್ಟೇ.

ಗಂಡಿನವರು ಹಿರಿಯೂರಿನಿಂದ ಬಂದರು. ಹುಡುಗ ಮಹೇಶ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾನೆ. ಪೂರಾ ಡಾಕ್ಟರಲ್ಲ, ದನ ಕುರಿಗಳಿಗೆ ಸೂಜಿ ಹಾಕುತ್ತಾನೆ. ಜನ ಡಾಕ್ಟ್ರು ಎನ್ನುತ್ತಾರೆ, ಅವನು ನಾಚಿಕೊಳ್ಳುತ್ತಾನೆ. ಮಾತು ಕಡಿಮೆ. ಅವನಿಗೆ ಹುಟ್ಟುವಾಗಲೇ ಬರಬೇಕಾಗಿದ್ದ ಮಾತನ್ನೆಲ್ಲ ಅವನ ಅಪ್ಪ ರಂಗಪ್ಪ ಇಟ್ಟುಕೊಂಡುಬಿಟ್ಟಿರಬೇಕು. ಜೀಪು ಹತ್ತುವ ಮೊದಲೇ ಆ ಯಜಮಾನರು ತಾವು ಪ್ರಾಯದಲ್ಲಿ ಬರೀ ದೊಣ್ಣೆಯಲ್ಲಿ ಚಿರತೆ ಓಡಿಸಿದ್ದನ್ನು ಹೇಳಿ ಮುಗಿಸಿದ್ದರು. ಗುಡ್ಡ ಹತ್ತುವಾಗ ಆ ಚಿರತೆಗೆ ಒಂದು ಹೆಂಡತಿಯೂ ಬಂದು ಸೇರಿಕೊಂಡಳು.

ಇಲ್ಲಿ ಒಂದು ಗಾದೆ ಹೇಳಬೇಕು. ಶಿವಪೂಜೆಗೆ ಕರಡಿ ಬಿಟ್ಟ ಹಾಗೆ ಎನ್ನುತ್ತಾರಲ್ಲ, ಅದನ್ನು ನಾನು ಒಮ್ಮೆ ಅಂದಾಗ ನಮ್ಮೂರಿನ ಮೇಷ್ಟ್ರು ತಿದ್ದಿದ್ದರು. ಅದು ಪ್ರಾಣಿ ಅಲ್ಲವಂತೆ, ಕರಡಿ ಎಂಬುದೊಂದು ವಾದ್ಯವಂತೆ, ಪೂಜೆಯಲ್ಲಿ ಬಾರಿಸುತ್ತಿದ್ದರಂತೆ. ಓದಿದವರು ಹೇಳಿದ್ದನ್ನು ನಾಲ್ಕನೇ ಕ್ಲಾಸಿಗೆ ಸ್ಲೇಟು ಇಟ್ಟವಳು ಇಲ್ಲ ಎನ್ನಲಾದೀತೇ? ಆದರೆ ನಮ್ಮ ಸೀಮೆಯ ಗುಡ್ಡದ ಗುಡಿಗಳಿಗೆ ಕಬ್ಬಿಣದ ಬಾಗಿಲು ಹಾಕಿಸಿರುವುದು ವಾದ್ಯಕ್ಕೆ ಹೆದರಿ ಅಲ್ಲ. ದೀಪದ ಎಣ್ಣೆ ಕುಡಿದು, ಕಾಯಿ ಹೋಳು ಕೆರೆದು ತಿಂದು, ಎಡೆಯ ಬೆಲ್ಲ ನೆಕ್ಕಿ ಹೋಗುವ ವಾದ್ಯವನ್ನು ನಾನಂತೂ ಕಂಡಿಲ್ಲ. ಕರಡಿಗೆ ಎಣ್ಣೆಯ ಮೇಲೆ ಪ್ರಾಣ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಗೊತ್ತಿದ್ದೂ ನಾವು ಮಾಡಿದ್ದನ್ನು ಕೇಳಿ.

ಗುಡ್ಡದ ನಡುವೆ ದಾರಿಯ ಪಕ್ಕ ಒಂದು ಗುಂಡುಕಲ್ಲು. ಅದಕ್ಕೆ ಯಾರೋ ಬಳಿದ ಅರಿಶಿನ ಕುಂಕುಮ. ಯಾವ ದೇವರು ಎಂದು ಜೀಪಿನವನಿಗೂ ಗೊತ್ತಿಲ್ಲ. ಕಣಿವೆ ದಾಟುವಾಗ ದಾರಿಯ ದೇವರಿಗೆ ಕೈ ಮುಗಿಯದೆ ಹೋಗುವ ಜನ ನಾವಲ್ಲ, ಇಳಿದೆವು. ನನ್ನ ಮಗ, "ನಮ್ಮ ಮನೆದೇವ್ರ ತಮ್ಮ ಇದ್ದಂಗೆ ಐತೆ" ಎಂದ. ರಂಗಪ್ಪನವರು, "ಇಲ್ಲ ತಿಪ್ಪೇಶಣ್ಣ, ಇದು ನಮ್ಮ ಕಡೀ ದೇವ್ರು, ಮುಖದಾಗೆ ಕಳೆ ನೋಡ್ರಿ" ಎಂದರು. ಕಲ್ಲಿಗೆ ಮುಖವೇ ಇರಲಿಲ್ಲ. ಹೆಸರು ಗೊತ್ತಿಲ್ಲದ ದೇವರಿಗೆ ಎರಡು ಮನೆತನದವರು ವಾರಸುದಾರರಾದರು.

ಸಫಾರಿ ಮುಗಿಸಿ ದುರ್ಗದ ಗುಡಿಯಲ್ಲಿ ಪೂಜೆ ಮಾಡಿಸುವುದೆಂದು ಇಬ್ಬರೂ ಸಾಮಾನು ತಂದಿದ್ದರು. ಅದು ಇಲ್ಲೇ ಹೊರಬಿತ್ತು. ಗಂಡಿನವರು ಒಂದು ಕಾಯಿ ಒಡೆದರು. ಹೆಣ್ಣಿನ ಕಡೆಯವರು ಕಡಿಮೆಯೇ, ತಿಪ್ಪೇಶ ಎರಡು ಒಡೆದ. ಅವರ ಮನೆಯಾಕೆ ದೀಪ ಹಚ್ಚಿದರು. ನನ್ನ ಸೊಸೆ ದೀಪ ಹಚ್ಚಿ, ಉಳಿದ ಎಣ್ಣೆಯಲ್ಲಿ ಕಲ್ಲಿಗೆ ಅಭಿಷೇಕವನ್ನೂ ಮಾಡಿದಳು. ಅವರು ಅಚ್ಚು ಬೆಲ್ಲ ಇಟ್ಟರು. ನಮ್ಮವರು ಬಾಳೆಹಣ್ಣಿನ ಚಿಪ್ಪು ಇಟ್ಟರು. "ಇನ್ನೊಂಚೂರು ಹಾಕೇ, ಜಿಪುಣರು ಅಂದ್ಕಂಡಾರು" ಎಂದು ಸೊಸೆಯ ಕೈಗೆ ಎರಡನೆಯ ಎಣ್ಣೆ ಶೀಸೆ ಕೊಟ್ಟವಳು ನಾನೇ. ಕಲ್ಲು ಎಣ್ಣೆಸ್ನಾನ ಮಾಡಿಸಿದ ಬಾಣಂತಿಯಂತೆ ಮಿರಮಿರ ಮಿಂಚಿತು. ಇಳಿಯಬೇಡಿ ಎಂದು ತಡೆಯಬೇಕಾಗಿದ್ದ ಜೀಪಿನವನು ಪ್ರಸಾದಕ್ಕೆ ಕೈ ಚಾಚಿಕೊಂಡು ನಿಂತಿದ್ದ. ಉಳಿದ ಕಾಯಿ, ಬೆಲ್ಲ, ಅರ್ಧ ಶೀಸೆ ಎಣ್ಣೆ ಎಲ್ಲವನ್ನೂ ಬುಟ್ಟಿಗೆ ತುಂಬಿ ಕಾವ್ಯಳ ತೊಡೆಯ ಮೇಲಿಟ್ಟರು. ಪೂಜೆ ಬುಟ್ಟಿ ಹಿಡಿದರೆ ಹುಡುಗಿ ಲಕ್ಷಣವಾಗಿ ಕಾಣುತ್ತಾಳಂತೆ.

ಆಮೇಲೆ ಕಾಡೆಲ್ಲ ಸುತ್ತಿದೆವು. ಒಂದು ನವಿಲು ಕಂಡಿತು. ನವಿಲು ನಮ್ಮ ಹೊಲದಲ್ಲೂ ಇವೆ, ಶೇಂಗಾ ಕೆದಕುತ್ತವೆ. ಅದಕ್ಕೆ ಯಾರೂ ಬಾಡಿಗೆ ಕೊಡುವುದಿಲ್ಲ. ಬೇಸರದಿಂದ ಅದೇ ದಾರಿಯಲ್ಲಿ ಹಿಂದಿರುಗಿದೆವು. ಬಿಸಿಲು ಇನ್ನೂ ಇತ್ತು.

ಕಲ್ಲಿನ ಬಳಿ ಕರಡಿ ಕುಳಿತಿತ್ತು. ಅವಸರವೇನೂ ಇರಲಿಲ್ಲ ಅದಕ್ಕೆ. ದೇವರನ್ನು ಬುಡದಿಂದ ತುದಿಯವರೆಗೆ ನೆಕ್ಕುತ್ತಿತ್ತು. ಜೀಪು ನಿಂತಿತು. ದಾರಿ ಕಿರಿದು, ಪಕ್ಕದಲ್ಲಿ ಇಳಿಜಾರು. ಎಣ್ಣೆ ಮುಗಿಸಿ ಕರಡಿ ತಲೆ ಎತ್ತಿತು, ಮೂಗು ಆಡಿಸಿತು, ಎದ್ದು ಜೀಪಿನ ಪಕ್ಕದಲ್ಲೇ ಮೂಸುತ್ತಾ ಹಿಂದಕ್ಕೆ ಬಂತು. ಬುಟ್ಟಿ ಇದ್ದದ್ದು ಹಿಂದೆ, ಬಾಗಿಲ ಬಳಿ ಕುಳಿತ ಕಾವ್ಯಳ ತೊಡೆಯ ಮೇಲೆ. ಅವಳ ಎದುರಿಗೆ ನಾನು. ನನ್ನ ಪಕ್ಕಕ್ಕೆ ಹುಡುಗ.

ಕರಡಿ ಎಂದರೆ ಪಟದಲ್ಲಿ ನೋಡಿ ನಗುವವರಿಗೆ ಹೇಳುತ್ತೇನೆ. ನಮ್ಮ ಹಟ್ಟಿಯಲ್ಲಿ ಒಬ್ಬ ಮುದುಕನಿದ್ದ, ಕರಡಿ ಪರಚಿ ಅರ್ಧ ಮುಖ ಹೋಗಿತ್ತು. ಅವನ ಎದುರು ಕೂತು ಉಣ್ಣಲು ಮಕ್ಕಳು ಹೆದರುತ್ತಿದ್ದವು. ಆ ಮುಖ ನನಗೆ ನೆನಪಾಗುವ ಹೊತ್ತಿಗೆ ಈ ಕರಡಿ ಹಿಂಗಾಲ ಮೇಲೆ ನಿಂತು ಎರಡೂ ಕೈಗಳನ್ನು ಜೀಪಿನ ಹಿಂಬಾಗಿಲ ಮೇಲೆ ಇಟ್ಟಿತ್ತು. ಉಗುರುಗಳು ಕುಡುಗೋಲಿನ ಹಾಗಿದ್ದವು. ಬಾಯಿಂದ ಕೊಳೆತ ಚರ್ಮದ ವಾಸನೆ.

ತೋಳ ಬಂದರೆ ಕುರಿಗಳೆಲ್ಲ ಒಂದೇ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ. ನಮ್ಮವರೂ ಹಾಗೆಯೇ ಮುಂದಕ್ಕೆ ನುಗ್ಗಿದರು. ಎಲ್ಲರಿಗಿಂತ ಮೇಲೆ, ತಮ್ಮ ಹೆಂಡತಿಯ ಹೆಗಲ ಮೇಲೆ ಮಂಡಿ ಊರಿಕೊಂಡು ಇದ್ದವರು ಚಿರತೆ ಓಡಿಸಿದ ಯಜಮಾನರು. ಅಲ್ಲಿಂದಲೇ ಪಿಸುಗುಟ್ಟಿದರು, "ಮಗಾ, ಇಂಜೆಕ್ಷನ್ ಏನಾರ ಐತೇನೋ?"

"ನಂದು ದನ ಕುರಿಗೆ ಅಪ್ಪಾ" ಎಂದ ಹುಡುಗ, ನನ್ನ ಬೆನ್ನ ಹಿಂದಿನಿಂದ. ಅವನು ನನ್ನ ಹಿಂದೆ ಯಾವಾಗ ಹೋದನೋ ನಾನು ನೋಡಲಿಲ್ಲ. ನನ್ನ ರಟ್ಟೆ ಹಿಡಿದು ಗಡಗಡ ನಡುಗುತ್ತಿದ್ದ. ನಾನು ಕದಲಲಿಲ್ಲ. ಅದು ಧೈರ್ಯವಲ್ಲ. ಕುಳಿತಲ್ಲಿಂದ ಏಳಲು ನನ್ನ ಮಂಡಿಗಳಿಗೆ ಮೊದಲೇ ತಿಳಿಸಿದರೆ ಮಾತ್ರ ಅವು ಒಪ್ಪುತ್ತವೆ.

ಕಾವ್ಯಳೂ ಕದಲಲಾರಳು. ಶೀಸೆ ಉರುಳಿ ಎಣ್ಣೆ ಅವಳ ಹೊಸ ಸೀರೆಗೆಲ್ಲ ಚೆಲ್ಲಿತ್ತು. ಕರಡಿ ಅವಳ ಸೆರಗನ್ನು ಬಾಯಲ್ಲಿ ಕಚ್ಚಿ ಚೀಪತೊಡಗಿತ್ತು. ಎಳೆದರೆ ಇವಳು ಹೊರಗೆ. ಅವಳ ಮುಖ ಸುಣ್ಣದಂತಾಗಿತ್ತು. "ಅಜ್ಜಿ, ಸುಮ್ಕಿರು, ಅಲ್ಲಾಡಬ್ಯಾಡ" ಎಂದು ಮೆಲ್ಲಗೆ ಹೇಳಿ, ಹೆಗಲ ಪಿನ್ನು ಕಿತ್ತು ಸೆರಗು ಸಡಿಲ ಬಿಟ್ಟಳು. ಆಮೇಲೆ ಬುಟ್ಟಿಯನ್ನು ಬಾಗಿಲಾಚೆಗೆ ಬೋರಲು ಹಾಕಿದಳು. ಕಾಯಿ ಹೋಳು ಉರುಳಿದ ಸದ್ದಿಗೆ ಕರಡಿ ಸೆರಗು ಬಿಟ್ಟು ಕೆಳಗಿಳಿಯಿತು. ಮುಂದೆ ದಾರಿ ಖಾಲಿ ಇತ್ತು. ಜೀಪಿನವನಿಗೆ ಯಾರೂ ಹೇಳಬೇಕಾಗಲಿಲ್ಲ.

ದುರ್ಗದ ಹೊರಗೆ ಒಂದು ಟೀ ಅಂಗಡಿಯಲ್ಲಿ ನಿಲ್ಲಿಸಿದರು. ಮಂಡಕ್ಕಿ ಮೆಣಸಿನಕಾಯಿ ಬಂತು. ಎರಡನೇ ಗುಟುಕು ಟೀ ಒಳಗೆ ಹೋದ ಮೇಲೆ ಗಂಡಸರಿಗೆ ಗಂಡಸುತನ ವಾಪಸು ಬಂತು. ಹೆದರಿಕೆಯಷ್ಟು ಬೇಗ ಜೀರ್ಣವಾಗುವ ಪದಾರ್ಥ ಇನ್ನೊಂದಿಲ್ಲ. ಆಮೇಲೆ ಬರುವ ತೇಗಿಗೆ ಶೌರ್ಯ ಎನ್ನುತ್ತಾರೆ.

"ನಾನು ಅದರ ಕಣ್ಣಾಗೆ ಕಣ್ಣಿಟ್ಟು ನೋಡ್ದೆ. ಅದಕ್ಕೇ ಅದು ಮುಂದೆ ಬರ್ಲಿಲ್ಲ" ಎಂದರು ರಂಗಪ್ಪ.

"ಬುಟ್ಟಿ ಎಸಿ ಅಂತ ನಾನೇ ಕಾವ್ಯನಿಗೆ ಸನ್ನೆ ಮಾಡ್ದೆ" ಎಂದ ನನ್ನ ಮಗ. ಅವನು ಆಗ ಜೀಪಿನವನ ಸೀಟಿನ ಕೆಳಗೆ ತಲೆ ಇಟ್ಟಿದ್ದ. ಸನ್ನೆಯನ್ನು ಯಾವ ಅಂಗದಿಂದ ಮಾಡಿದನೋ ಅವನೇ ಹೇಳಬೇಕು.

ಕಾವ್ಯ ಎಣ್ಣೆಯ ಸೀರೆಯ ಮೇಲೆ ನನ್ನ ಶಾಲು ಹೊದ್ದು ಕೂತು ಕೇಳುತ್ತಿದ್ದಳು. ರಂಗಪ್ಪನವರಿಗೆ ಬಂದ ಕೆಲಸ ನೆನಪಾಯಿತು. ಮಗನ ಬೆನ್ನು ತಟ್ಟಿ, "ನಮ್ಮ ಹುಡುಗನ್ನ ನೋಡಿದ್ರಾ ತಿಪ್ಪೇಶಣ್ಣ? ಬಾಯಿ ಇಲ್ಲ, ಆದ್ರೆ ಎದೆ ಐತೆ. ಹುಡುಗಿಗೆ ಏನಾರ ಆದಾತು ಅಂತ ಅಡ್ಡ ನಿಂತ್ಕಂಡ" ಎಂದರು. ನನ್ನ ಮಗ ಹೌದೌದು ಎಂದು ತಲೆ ಆಡಿಸಿದ. ಆ ಸುಳ್ಳು ಇಬ್ಬರಿಗೂ ಬೇಕಾಗಿತ್ತು. ಕಾವ್ಯ ಮಹೇಶನ ಮುಖವನ್ನೇ ನೋಡುತ್ತಿದ್ದಳು. ಅವನು ಸುಮ್ಮನಿದ್ದರೆ ಸಾಕಾಗಿತ್ತು. ಸುಮ್ಮನಿರುವುದು ಅವನಿಗೆ ಬರುವ ವಿದ್ಯೆಯೇ.

ಅವನು ಟೀ ಲೋಟ ಕೆಳಗಿಟ್ಟ. "ಇಲ್ಲಪ್ಪ, ನಾನು ಅಜ್ಜಿ ಹಿಂದೆ ಬಚ್ಚಿಟ್ಕಂಡಿದ್ದೆ. ಅವ್ರ ರಟ್ಟೆ ನೋಡ್ರಿ, ನನ್ನ ಉಗುರು ಅಚ್ಚಾಗೈತೆ" ಎಂದ.

ರಂಗಪ್ಪನವರ ಕೈ ಮಗನ ಬೆನ್ನ ಮೇಲೆ ಹಾಗೇ ನಿಂತಿತು. ನನ್ನ ಸೊಸೆ ಮೆಣಸಿನಕಾಯಿ ಬಿಟ್ಟು ಸೀರೆ ನೆರಿಗೆ ನೋಡತೊಡಗಿದಳು. ಸಂಬಂಧ ಮುರಿಯಿತು ಎಂದು ಎಲ್ಲರೂ ಅಂದುಕೊಂಡೆವು, ನಾನೂ ಅಂದುಕೊಂಡೆ.

ಕಾವ್ಯ ಬಾಯಿ ಬಿಟ್ಟಳು. "ಇನ್ನೊಂದ್ಸಲ ಬಂದ್ರೆ ಏನ್ ಮಾಡ್ತೀರಿ?"

ಹುಡುಗ ಯೋಚನೆ ಮಾಡಿದ. "ಅಜ್ಜಿ ಇದ್ರೆ ಅಲ್ಲೇ ಹೋಗ್ತೀನಿ" ಎಂದ.

ಅವಳು ನಕ್ಕಳು. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

ಊರಿಗೆ ಹಿಂದಿರುಗುವಾಗ ಕಾರಿನಲ್ಲಿ ನನ್ನ ಕಿವಿಗೆ ಬಾಯಿ ತಂದು, "ಇವ್ನೇ ಆಗ್ಲಿ ಅಜ್ಜಿ, ಅಪ್ಪನಿಗೆ ಹೇಳು" ಎಂದಳು.

"ಏನೇ ಹಂಗಂದ್ರೆ? ಮುದುಕಿ ಹಿಂದೆ ಅಡಗಿ ಕೂರೋ ಗಂಡನ್ನ ಕಟ್ಕಂಡು ಏನ್ ಮಾಡ್ತೀಯ?" ಎಂದೆ.

"ಕರಡಿ ದಿನಾ ಬರಲ್ಲ ಕಣಜ್ಜಿ. ಸುಳ್ಳು ದಿನಾ ಬರ್ತೈತೆ."

ನಾನು ಕಟ್ಟಿಕೊಂಡಿದ್ದವನು ಜೀವಮಾನವಿಡೀ ಯಾವ ಪ್ರಾಣಿಗೂ ಹೆದರದವನು, ಹಾಗೆಂದು ಅವನೇ ಹೇಳುತ್ತಿದ್ದ.

ತಿಪ್ಪೇಶನಿಗೆ ಹೇಳಿದೆ. "ಎದೆಗಾರ್ರನ್ನೆಲ್ಲ ಒಲ್ಲೆ ಅಂದು ಇವನ್ನ ಒಪ್ಪಿದ್ಲಾ?" ಎಂದು ಕೇಳಿ, ಅವಳು ಮನಸ್ಸು ಬದಲಿಸುವ ಮೊದಲೇ ಹಿರಿಯೂರಿಗೆ ಫೋನು ಹಚ್ಚಿದ. ಮದುವೆ ಗೊತ್ತಾಗಿದೆ. ಬೀಗರು ಹೋದಲ್ಲೆಲ್ಲ ಕಥೆ ಹೇಳುತ್ತಿದ್ದಾರಂತೆ. ಕರಡಿ ಈಗ ಎರಡಾಗಿವೆಯಂತೆ. ಹುಡುಗ ಎದುರಿಗಿದ್ದರೆ ಮಾತ್ರ ಒಂದೇ ಎನ್ನುತ್ತಾರಂತೆ. ಅಷ್ಟಾದರೂ ಸುಧಾರಿಸಿದ್ದಾರೆ. ಮೊನ್ನೆ ಹುಡುಗ ಫೋನಿನಲ್ಲಿ, "ಅಜ್ಜಿ, ಮದ್ವೆ ಆದ್ಮೇಲೆ ನೀವೂ ನಮ್ಮನೇಗೆ ಬಂದು ಇರ್ರಿ" ಎಂದ. ಯಾಕೆಂದು ನನಗೆ ಗೊತ್ತಾಗದೇನು. "ನನ್ನ ಬೆನ್ನು ಇನ್ನು ಬಾಡಿಗೆಗಿಲ್ಲ ಕಣಪ್ಪ. ಹೆದರಿಕೆ ಆದ್ರೆ ಅವಳ ಹಿಂದೆ ನಿಂತ್ಕ. ಅವಳಿಗೆ ಹೆದರಿಕೆ ಆದ ದಿನ ನೀನು ನಡುಗ್ತಾನೇ ಮುಂದೆ ಹೋಗಿ ನಿಂತ್ಕ, ಸಂಸಾರ ಅಂದ್ರೆ ಅಷ್ಟೇ" ಎಂದು ಫೋನು ಇಟ್ಟೆ.