ಪಕ್ಕದ ಮನೆಯ ಕುಳಂಬು ಪುಡಿ

ನನ್ನ ನಾಲಿಗೆಗೆ ಯಾವ ಊರಿನ ಹಂಗೂ ಇಲ್ಲ. ಥಾಯ್ಲೆಂಡಿನವರು ಮಜ್ಜಿಗೆಹುಲ್ಲು ಜಜ್ಜಿ ತೆಂಗಿನ ಹಾಲಿನಲ್ಲಿ ಕುದಿಸುವ ಹಸಿರು ಕರಿಯೆಂದರೆ ನನಗೆ ಪ್ರಾಣ. ಮೆಕ್ಸಿಕೋದವರ ಸುಟ್ಟ ಮೆಣಸಿನಕಾಯಿ ಚಟ್ನಿ ಇದ್ದರೆ ರೊಟ್ಟಿ ಎಷ್ಟು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಜಪಾನಿನ ಕರಿ ಮಾತ್ರ ಬೇಡ, ಅದು ಜ್ವರ ಬಂದವರಿಗೆ ಮಾಡಿದ ಸಿಹಿ ಗಂಜಿ. ಇನ್ನು ಶಿವಮೊಗ್ಗದ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಯಾವ ದೇಶದ ಹೆಸರು ಹೇಳಿದರೂ ಬರುವುದು ಅದೇ ಕೆಂಪು ಗ್ರೇವಿ; ಮೇಲೆ ಉದುರಿಸುವ ಸೊಪ್ಪು ಮಾತ್ರ ಬೇರೆ. ಹೀಗೆಲ್ಲ ಬಾಯಿ ಮಾಡುವ ನಾನು ವಿದ್ಯಾನಗರದ ನನ್ನದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಸೋತದ್ದು ಒಂದು ಬೇಳೆಸಾರಿಗೆ.

ಸೋಲಿಸಿದವರು ಅಪ್ಪ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ. ಅವರು ಬಂದಾಗಿನಿಂದ ನನ್ನ ಸಾರು ಒಮ್ಮೆಯೂ ಪಾಸಾಗಲಿಲ್ಲ. ಮೊದಲ ತುತ್ತು ಬಾಯಿಗಿಟ್ಟು, ಸ್ವಲ್ಪ ಹೊತ್ತು ಗೋಡೆ ನೋಡಿ, "ನಿಮ್ಮಮ್ಮನ ಕೈ ನಿಂಗೆ ಬರಲ್ಲ ಬಿಡು" ಅನ್ನುತ್ತಿದ್ದರು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಅವರು ಅಯ್ಯೋ ಪಾಪ ಅನ್ನುವ ಹಾಗೆ ಹೇಳುತ್ತಿದ್ದರು. ಅದಕ್ಕೇ ನನಗೆ ಮೈ ಉರಿಯುತ್ತಿತ್ತು. ಅಮ್ಮ ಹೇಳಿಕೊಟ್ಟ ಅಳತೆಯಲ್ಲೇ ಕೊತ್ತಂಬರಿ, ಬ್ಯಾಡಗಿ ಮೆಣಸಿನಕಾಯಿ, ಮೆಂತ್ಯ, ಜೀರಿಗೆ ಹುರಿಯುತ್ತಿದ್ದೆ. ಆಫೀಸಿನಿಂದ ಬಂದವಳು ಸೀರೆ ಕೂಡ ಬದಲಿಸದೆ ಒಲೆ ಮುಂದೆ ನಿಲ್ಲುತ್ತಿದ್ದೆ. ಒಂದು ಸಲವಾದರೂ ಅಪ್ಪನ ಬಾಯಲ್ಲಿ ಚೆನ್ನಾಗಿದೆ ಅನ್ನಿಸಿಕೊಳ್ಳಬೇಕೆಂಬ ಹಟ ಈ ವಯಸ್ಸಿನ ಹೆಂಗಸಿಗೆ ಇರಬಾರದು. ನನಗಿತ್ತು.

ಈ ಸಲ ಬೇಸಿಗೆಯಲ್ಲಿ ಅಪ್ಪ ಹೊಸ ಕಾರಣ ಹುಡುಕಿದರು. ಶಿವಮೊಗ್ಗದ ಮಿಲ್ಲುಗಳಲ್ಲಿ ಪುಡಿ ಬಿಸಿಯಾಗಿ ಘಮ ಹಾರಿಹೋಗುತ್ತದೆ, ಅಮ್ಮ ಬೀಸಿಸುತ್ತಿದ್ದದ್ದು ಭದ್ರಾವತಿಯಲ್ಲಿ ನಮ್ಮ ಕ್ವಾರ್ಟರ್ಸಿನ ಹಿಂದಿದ್ದ ಮಿಲ್ಲಿನಲ್ಲಿ ಎಂದರು. ಸರಿ, ಅದೂ ಒಂದು ಆಗಿಹೋಗಲಿ ಎಂದು ಹುರಿದ ಸಾಮಾನನ್ನು ಡಬ್ಬಿಗೆ ತುಂಬಿಕೊಂಡು ಭಾನುವಾರ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಮಿಲ್ಲಿನ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಡಬ್ಬಿ ಹಿಡಿದು ಬಿಸಿಲಲ್ಲಿ ಪೆಚ್ಚಾಗಿ ನಿಂತಿದ್ದವಳನ್ನು ಎದುರು ಮನೆಯ ಜಗಲಿಯಿಂದ ಯಾರೋ ಕೂಗಿ ಕರೆದರು. ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ತಮಿಳು ಆಂಟಿ. ತಲೆ ಪೂರ್ತಿ ಬೆಳ್ಳಗಾಗಿತ್ತು.

ಅವರನ್ನು ಕಂಡು ಖುಷಿಗಿಂತ ಮೊದಲು ಮುಜುಗರವಾಯಿತು. ಕ್ವಾರ್ಟರ್ಸಿನ ದಿನಗಳಲ್ಲಿ ಅವರ ಮನೆಯಲ್ಲಿ ಮೀನು ಬೇಯುತ್ತಿತ್ತು. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಹಬ್ಬ ಬಂದರೆ ಆಂಟಿ ನಮಗೆಂದೇ ಬೇರೆ ಪಾತ್ರೆ ಇಟ್ಟು ಬದನೆಕಾಯಿ ಕುಳಂಬು ಮಾಡಿ, ಬಟ್ಟಲಿನಲ್ಲಿ ತಂದುಕೊಡುತ್ತಿದ್ದರು. ಹುಳಿಯೂ ಖಾರವೂ ಮುಂದಾದ ಅವರ ಸಾರು ಅದು. ಅಮ್ಮ ನಗುನಗುತ್ತ ಇಸಿದುಕೊಂಡು, ಬಾಗಿಲು ಹಾಕಿ, ಬಚ್ಚಲಿಗೆ ಸುರಿಯುತ್ತಿದ್ದಳು. ಆಮೇಲೆ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಂದಿಷ್ಟು ಸಕ್ಕರೆ ತುಂಬಿ ವಾಪಸು ಕಳಿಸುತ್ತಿದ್ದಳು. ಆ ಘಮವೆಲ್ಲ ಬಚ್ಚಲಿನ ಪಾಲಾಗುವುದನ್ನು ನೋಡುತ್ತ ನಾನು ಜೊಲ್ಲು ನುಂಗುತ್ತಿದ್ದೆ.

ಆಂಟಿ ಕೂರಿಸಿ ನೀರು ಕೊಟ್ಟು, ಡಬ್ಬಿ ಏನೆಂದು ಕೇಳಿದರು. ಹೇಳಿದೆ, ಅಪ್ಪನ ಮಾತನ್ನೂ ಹೇಳಿದೆ. ಅವರು ಮುಚ್ಚಳ ತೆಗೆದು ಮೂಸಿ ನಕ್ಕರು. ಅಮ್ಮ ಮಿಲ್ಲಿಗೆ ಬಂದರೆ ಯಾವಾಗಲೂ ಆಂಟಿಯ ಡಬ್ಬಿಯ ಹಿಂದೆಯೇ ತನ್ನ ಡಬ್ಬಿ ಇಡುತ್ತಿದ್ದಳಂತೆ. ಆಂಟಿ ಬರುವುದು ತಡವಾದರೆ ಉಳಿದವರನ್ನೆಲ್ಲ ಮುಂದೆ ಬಿಟ್ಟು ಕಾಯುತ್ತಿದ್ದಳಂತೆ. ಮಿಲ್ಲಿನ ಬಾಯಿಗೆ ಕಟ್ಟಿರುವ ಬಟ್ಟೆಯನ್ನು ತಟ್ಟಿ ತಟ್ಟಿ ತಮ್ಮ ಪುಡಿಯನ್ನು ಚಿಟಿಕೆಯೂ ಬಿಡದೆ ಒಯ್ಯುವುದು ಎಲ್ಲರ ರೂಢಿ. ತಟ್ಟದೆ ಬಿಟ್ಟರೆ ಒಳಗೆ ಉಳಿದದ್ದು ಮುಂದಿನವರ ಪುಡಿಯ ಜೊತೆ ಬೆರೆತು ಬರುತ್ತದೆ.

"ತಟ್ಟಬೇಡಪ್ಪಾ ಅಂತ ನಾನೇ ಮಿಲ್ಲಿನವ್ರಿಗೆ ಹೇಳ್ತಿದ್ದೆ ಕಣಮ್ಮ, ಒಂದು ಹಿಡಿ ಅಲ್ಲೇ ಬಿಡ್ತಿದ್ದೆ" ಎಂದರು ಆಂಟಿ. "ಬಟ್ಟಲಲ್ಲಿ ಕೊಟ್ಟಿದ್ದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿತ್ತು. ನಿಮ್ಮ ಬಚ್ಚಲ ನೀರು ನಮ್ಮ ಹಿತ್ತಲಲ್ಲೇ ಹರೀತಿತ್ತಲ್ಲ."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಳಗೆ ಹೋಗಿ ತಮ್ಮ ಕುಳಂಬು ಪುಡಿಯನ್ನು ಪೊಟ್ಟಣ ಕಟ್ಟಿ ತಂದುಕೊಟ್ಟರು. ಬಿಚ್ಚಿ ಮೂಸಿದೆ. ಸೋಂಪು, ಹುರಿದ ಅಕ್ಕಿ, ಕರಿಬೇವು. ಅಮ್ಮನ ಅಡುಗೆಮನೆಯೇ ಮೂಗಿಗೆ ಬಂದಂತಾಯಿತು. ಅಮ್ಮನ ಮೇಲೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ರುಚಿ ಬೇಕಿತ್ತು, ಅದು ಯಾರ ಮನೆಯದೆಂದು ಒಪ್ಪಿಕೊಳ್ಳುವುದು ಬೇಡವಾಗಿತ್ತು. ಸಾಯುವ ಮುಂಚೆ ನನಗಾದರೂ ಹೇಳಬಹುದಿತ್ತು.

ಮರುದಿನ ನಮ್ಮ ಬೀದಿಯ ಮಿಲ್ಲಿನಲ್ಲೇ ಬೀಸಿಸಿ, ಆಂಟಿಯ ಪುಡಿ ಬೆರೆಸಿ ಸಾರು ಮಾಡಿದೆ. ಅಪ್ಪ ಮೊದಲ ತುತ್ತಿಗೇ ತಲೆ ಎತ್ತಿದರು. ಮತ್ತೆ ಹಾಕಿಸಿಕೊಂಡರು. ಕಣ್ಣು ಒದ್ದೆಯಾಗಿತ್ತು. "ನಿಮ್ಮಮ್ಮನೇ ಬಂದು ಬಡಿಸ್ದಂಗಾಯ್ತು" ಎಂದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸುಖವಾಗಿರುತ್ತಿತ್ತು. ಆದರೆ ಆ ಹೊಗಳಿಕೆ ನನ್ನದಲ್ಲ, ಅಮ್ಮನದೂ ಅಲ್ಲ. ಅದು ಸಲ್ಲಬೇಕಾದವರು ಜಗಲಿಯಲ್ಲಿ ಕೂತು ನಗುತ್ತಿದ್ದದ್ದು ಕಣ್ಣ ಮುಂದೆ ಬಂತು. ಮಿಲ್ಲಿನ ಕತೆ, ಬಚ್ಚಲಿನ ಕತೆ ಎರಡನ್ನೂ ಹೇಳಿಬಿಟ್ಟೆ.

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟರು. "ಅವ್ರ ಮನೇದಾ?" ಎಂದು ಕೇಳಿ, ಎದ್ದು ಹೋಗಿ, ಬಹಳ ಹೊತ್ತು ಬಾಯಿ ಮುಕ್ಕಳಿಸಿದರು. ತಟ್ಟೆಯನ್ನು ನಾನೇ ಎತ್ತಿದೆ.

ಮಾರನೆಯ ದಿನ ಆಂಟಿಯ ಪುಡಿ ಮುಟ್ಟದೆ ನನ್ನ ಹಳೆಯ ಸಾರನ್ನೇ ಮಾಡಿದೆ. ಇಷ್ಟು ವರ್ಷ ಅಪ್ಪ ಬೇಡವೆಂದ ಅದೇ ಸಾರು. ಅವರು ಕಲಸಿ ಉಂಡು, ನನ್ನ ಮುಖ ನೋಡದೆ, "ಇದೇ ಸರಿ. ನಿಮ್ಮಮ್ಮಂದು ಹಿಂಗೇ ಇತ್ತು" ಎಂದರು. ಆಮೇಲೆ ದಿನವೂ ಹಾಗೆಯೇ ಅನ್ನುತ್ತಾರೆ. ಅಮ್ಮನ ಸಾರು ಹೇಗಿತ್ತೆಂಬುದು ಈ ಮನೆಯಲ್ಲಿ ಈಗ ನನಗೊಬ್ಬಳಿಗೇ ನೆನಪು.