ಎರಡು ಹಾಳೆಗಳ ಅಂಚಿನಲ್ಲಿದ್ದ ಊರು

ಮೊಳೆ ಕಿತ್ತು ಬರಬಹುದಿತ್ತು. ಸ್ಟೂಲು ವಾಲಿ ನಾನು ಬೀಳಬಹುದಿತ್ತು, ಬಿದ್ದರೆ ಸೊಂಟ, ಸೊಂಟವೆಂದರೆ ಆಸ್ಪತ್ರೆ, ಆಸ್ಪತ್ರೆಯೆಂದರೆ ಹೆಂಡತಿಯ “ನಾನ್ ಹೇಳ್ಲಿಲ್ವಾ?” ಚೌಕಟ್ಟಿನ ಹಿಂದೆ ಗೆದ್ದಲು ಹಿಡಿದಿರಬಹುದಿತ್ತು, ಹಲ್ಲಿ ನೇರ ಮುಖಕ್ಕೇ ಹಾರಬಹುದಿತ್ತು. ಗೋಡೆಗೆ ಬಣ್ಣ ಹೊಡೆಸಲೆಂದು ಒಂದು ಚಿತ್ರ ಕೆಳಗಿಳಿಸುವ ಮುನ್ನ ಇಷ್ಟನ್ನೂ ಯೋಚಿಸಿದವನು ನಾನು. ಆದದ್ದು ಇಷ್ಟೇ: ಹಿಂಬದಿಯ ರಟ್ಟು ಒಂದು ಮೂಲೆಯಲ್ಲಿ ಬಾಯಿಬಿಟ್ಟು, ಲವಂಗದ ವಾಸನೆ ಬಂತು.

ಮೈದಾ ಅಂಟಿಗೆ ಹುಳ ಬೀಳದಿರಲಿ ಎಂದು ಲವಂಗ ಹಾಕಿ ಕುದಿಸುತ್ತಿದ್ದವರು ಮೇಲಿನ ಮನೆಯ ಅಮ್ಮ. ಲಕ್ಷ್ಮೀಪುರಂನಲ್ಲಿ ನಾನೂ ಹೆಂಡತಿಯೂ ಕೆಳಗೆ ಬಾಡಿಗೆಗಿದ್ದಾಗ ಅವರು ಮಹಡಿಯಲ್ಲಿ ಒಬ್ಬರೇ ಇದ್ದರು. ಗಂಡ ಬೇಗ ತೀರಿಕೊಂಡ ಮೇಲೆ ಸರ್ವೆ ಕಚೇರಿಯಲ್ಲಿ ಟ್ರೇಸರ್ ಕೆಲಸಕ್ಕೆ ಸೇರಿದ್ದವರು. ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಶಾಯಿಯಲ್ಲಿ ಗೆರೆ ತಿದ್ದುತ್ತ, ತಾವೆಂದೂ ಕಾಲಿಡದ ಊರುಗಳನ್ನು ನಿವೃತ್ತಿಯವರೆಗೂ ಬರೆದರು.

ಆಮೇಲೆ ಕತ್ತರಿ ಹಿಡಿದರು. ರದ್ದಿಗೆ ಹೋಗಿದ್ದ ಹಳೆಯ ನಕ್ಷೆಗಳನ್ನು ಕತ್ತರಿಸಿ, ದೊಡ್ಡದೊಂದು ರಟ್ಟಿನ ಮೇಲೆ ತಮ್ಮದೇ ಸೀಮೆಯೊಂದನ್ನು ಅಂಟಿಸುತ್ತಿದ್ದರು. ಮದುವೆಯಾಗಿ ಬಂದ ದೇವರಾಜ ಮೊಹಲ್ಲಾದ ಗಲ್ಲಿ, ಆಮೇಲೆ ಬಾಡಿಗೆಗಿದ್ದ ವಿದ್ಯಾರಣ್ಯಪುರಂ, ಈಗಿನ ಲಕ್ಷ್ಮೀಪುರಂ, ಎಲ್ಲವೂ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ನಡುವಿನ ಬೀದಿಗಳನ್ನು ಕಿತ್ತು ಹಾಕಿದ್ದರು. “ಅಲ್ಲೆಲ್ಲ ನಂಗೇನ್ ಕೆಲ್ಸ?” ಎನ್ನುತ್ತಿದ್ದರು. “ನಿಮ್ಮದು ಯಾವೂರು?” ಎಂದು ಕೇಳಿದವರಿಗೆ ಈ ರಟ್ಟನ್ನೇ ತೋರಿಸುತ್ತಿದ್ದರು. ಒಂದೇ ಒಂದು ಕಟ್ಟುನಿಟ್ಟು: ಕತ್ತರಿ ಹೇಗಾದರೂ ಆಡಲಿ, ಅಳತೆ ಕೆಡಬಾರದು. ಎಲ್ಲವೂ ಒಂದೇ ಸ್ಕೇಲಿನ ನಕ್ಷೆಗಳಾಗಿರಬೇಕು.

ನಡುವೆ ಅಂಗೈಯಗಲ ಜಾಗ ಖಾಲಿ ಇತ್ತು. ಅದು ತವರಿಗೆ. ಆ ಊರು ಸರಿಯಾಗಿ ಸರ್ವೆ ನಕ್ಷೆಯ ಎರಡು ಹಾಳೆಗಳ ಅಂಚಿಗೆ ಬಿದ್ದಿತ್ತು. ಗುಡಿ, ಕೆರೆ, ಊರಿನ ಅರ್ಧ ಹೆಸರು ಅವರಲ್ಲಿದ್ದ ಹಾಳೆಯಲ್ಲಿ. ಹಳ್ಳದಾಚೆಯ ಕೇರಿ, ಅವರು ಹುಟ್ಟಿದ ಮನೆ ಪಕ್ಕದ ಹಾಳೆಯಲ್ಲಿ. ಆ ಪಕ್ಕದ ಹಾಳೆ ಎಲ್ಲೂ ಸಿಕ್ಕಿರಲಿಲ್ಲ. ಕಣ್ಣಿನ ಡಾಕ್ಟರು ಬೇರೆ, ಇನ್ನು ಹೆಚ್ಚು ದಿನ ಕಾಣುವುದಿಲ್ಲ ಎಂದುಬಿಟ್ಟಿದ್ದರು.

“ಪೂರ್ತಿ ಊರು ಒಂದ್ಸಲ ನೋಡ್ಬುಡ್ತೀನಿ ಕಣಪ್ಪ. ಆಮೇಲೆ ಹೋದ್ರೆ ಹೋಗ್ಲಿ.”

ಹುಡುಕಿ ತರುತ್ತೇನೆ ಎಂದುಬಿಟ್ಟೆ. ಎಂದ ಮೇಲೆ ಎರಡು ತಿಂಗಳು ಚಿಂತೆ ಮಾಡಿದೆ. ಸರ್ವೆ ಕಚೇರಿಯಲ್ಲಿ ಕೇಳಿದರೆ ಯಾಕೆ ಅನ್ನುತ್ತಾರೆ, ಕತ್ತರಿಸಿ ಅಂಟಿಸಲಿಕ್ಕೆ ಅಂದರೆ ಏನಂದುಕೊಳ್ಳುತ್ತಾರೆ... ಅಷ್ಟರಲ್ಲಿ ಅಮ್ಮ ಸೂಜಿಗೆ ದಾರ ಪೋಣಿಸಲು ನನ್ನ ಹೆಂಡತಿಯನ್ನು ಕರೆಯತೊಡಗಿದ್ದರು. ಕೊನೆಗೆ ಪರಿಚಯದ ಸರ್ವೇಯರೊಬ್ಬರ ಟ್ರಂಕಿನಲ್ಲಿ ಹಾಳೆ ಸಿಕ್ಕಿತು. ಜೆರಾಕ್ಸ್ ಮಾಡಿಸಿಕೊಂಡು ವಾಪಸು ಕೊಡಿ ಎಂದರು.

“ದೊಡ್ದು ಮಾಡ್ಲಾ ಸಾರ್?” ಎಂದರು ಜೆರಾಕ್ಸ್ ಅಂಗಡಿಯವರು.

ಮಂಜಾದ ಕಣ್ಣು, ಚೆನ್ನಾಗಿ ಕಾಣಲಿ ಪಾಪ ಎಂದು, “ಮಾಡ್ಬುಡಿ” ಎಂದೆ. ಜೀವಮಾನದಲ್ಲಿ ಯೋಚಿಸದೆ ಮಾಡಿದ್ದು ಅದೊಂದೇ ಕೆಲಸ.

ಅಮ್ಮ ಎರಡು ಹಾಳೆಗಳನ್ನೂ ಅಂಚಿಗೆ ಅಂಚು ಕೂಡಿಸಿದರು. ಈ ಕಡೆ ದಾರದಂತಿದ್ದ ಹಳ್ಳ ಆ ಕಡೆ ಹಗ್ಗದಷ್ಟಾಗಿತ್ತು. ದಾರಿಗೆ ದಾರಿ ಕೂಡಲಿಲ್ಲ. ಕಚೇರಿಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಇಡೀ ಹಾಳೆಯನ್ನು ಮತ್ತೆ ಬರೆಯುತ್ತಿದ್ದ ಹೆಂಗಸು ಅಂಚನ್ನು ಮತ್ತೊಮ್ಮೆ ಜರುಗಿಸಿ ನೋಡಿದರು.

“ಅಳ್ತೆ ಕೆಡಿಸ್ಬುಟ್ಯಲ್ಲಪ್ಪ!”

“ನಾಳೆನೇ ಸರಿಯಾದ್ದು ತರ್ತೀನಮ್ಮ.”

“ನಿನ್ನ ನಾಳೆ ಬರೋಕೆ ಎರಡು ತಿಂಗ್ಳು ಬೇಕು ಕಣೋ.”

ಮಾರನೆಯ ದಿನವೇ ಸರಿಯಳತೆಯ ಪ್ರತಿ ಹಿಡಿದು ಮೆಟ್ಟಿಲು ಹತ್ತಿದೆ. ಅಷ್ಟರಲ್ಲಿ ದೊಡ್ಡದನ್ನೇ ಅಂಟಿಸಿಬಿಟ್ಟಿದ್ದರು. ಅಂಟು ಇನ್ನೂ ಒದ್ದೆಯಾಗಿತ್ತು. ಮೂಗು ತಗಲುವಷ್ಟು ಬಗ್ಗಿ ನೋಡುತ್ತಿದ್ದರು.

“ನಾನ್ ಚಿಕ್ಕೋಳಿದ್ದಾಗ ನಮ್ ಕೇರಿ ಇಷ್ಟೇ ದೊಡ್ದಿತ್ತು. ಟ್ರೇಸರ್ ಆದ್ಮೇಲೇ ಅದು ಸಣ್ದಾಗಿದ್ದು. ಇರ್ಲಿ ಬುಡು.”

ರಟ್ಟಿನ ಆ ಚಿತ್ರಕ್ಕೆ ಚೌಕಟ್ಟು ಕಟ್ಟಿಸಿದರೂ, ಕಣ್ಣು ಪೂರ್ತಿ ಹೋದ ಮೇಲೆ ಗಾಜು ಹಾಕಿಸಲು ಬಿಡಲಿಲ್ಲ. ಎರಡು ಕಾಗದ ಒಂದರ ಮೇಲೊಂದು ಕೂತ ಏಣಿನ ಮೇಲೆ ಬೆರಳಾಡಿಸಿ, ಹಳ್ಳ ದಾಟಿ, ಇನ್ನಷ್ಟು ಮುಂದೆ ಹೋಗಿ ಒಂದು ಕಡೆ ನಿಲ್ಲಿಸುತ್ತಿದ್ದರು. “ಬಂದೆ” ಎನ್ನುತ್ತಿದ್ದರು. ನನಗಲ್ಲ... ಒಳಗಿನಿಂದ ಯಾರೋ ಕರೆದ ಹಾಗೆ.

ಅವರು ತೀರಿಕೊಂಡ ಮೇಲೆ ಅವರ ತಂಗಿಯ ಮಗಳು ಚಿತ್ರವನ್ನು ನಮ್ಮ ಮನೆಗೆ ತಂದುಕೊಟ್ಟು ಹೋದರು.

ಬಣ್ಣದವರು ಅವಸರ ಮಾಡುತ್ತಿದ್ದರು. ಚಿತ್ರವನ್ನು ಒಳಗೊಯ್ದು ಮಂಚದ ಮೇಲೆ ಮಲಗಿಸಿದೆ. ಯಾರೂ ನೋಡುತ್ತಿಲ್ಲವೆಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಕಣ್ಣು ಮುಚ್ಚಿ ಬೆರಳಿಟ್ಟೆ. ಏಣು ಸಿಕ್ಕಿತು. ಅದರಾಚೆಗೆ ಎಷ್ಟು ತಡವಿದರೂ ಕಾಗದ, ಬರೀ ಕಾಗದ. ಆ ಮನೆಯ ದಾರಿ ಗೊತ್ತಿದ್ದವರು ಅವರೊಬ್ಬರೇ.