ದೊಡ್ಡಕ್ಕ ಮರೆತ ಎರಡನೆಯ ಸೀಸೆ

ಆಸ್ಪತ್ರೆಯ ಹಿಂಭಾಗದ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ದುಡಿದವಳನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತಿದ್ದೆವು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಕೈ ಮಾತ್ರ ಬಲು ಮೆತ್ತಗೆ. ರೋಗಿಗಳ ರಕ್ತದಿಂದ ಟಿ ಕೋಶಗಳನ್ನು, ಅಂದರೆ ರೋಗದ ಜೊತೆ ಕಾದಾಡುವ ಬಿಳಿ ರಕ್ತಕಣಗಳನ್ನು, ಬೇರ್ಪಡಿಸಿ ತಟ್ಟೆಯಲ್ಲಿ ಬೆಳೆಸಿ ಮತ್ತೆ ಅವರಿಗೇ ಕೊಡುವುದು ನಮ್ಮ ಕೆಲಸ. "ಏಳ್ರಪ್ಪ, ಮಲಗಿದ್ದು ಸಾಕು" ಎಂದು ಅವಳು ತಟ್ಟೆಗೆ ಹೇಳಿದರೆ ನಾವು ನಗುತ್ತಿದ್ದೆವು.

ಕೋಶಗಳಿಗೆ ಎರಡು ಸೀಸೆಯ ಮದ್ದು ಬೇಕು. ಮೊದಲನೆಯದು ಅವನ್ನು ಎಬ್ಬಿಸುತ್ತದೆ. ಎರಡನೆಯದು ಸಹಪ್ರಚೋದಕ ಸಂಕೇತ, ಅಂದರೆ ಎಬ್ಬಿಸುವುದರ ಜೊತೆಗೆ ಬೇಕಾದ ಇನ್ನೊಂದು ಸೂಚನೆ, ಕೊಡುವಂಥದ್ದು. ಎದ್ದ ಕೋಶಗಳು ಸಾಯದಂತೆ ನೋಡಿಕೊಳ್ಳುತ್ತದೆ. ಎರಡೂ ನೀರಿನ ಹಾಗೇ ಕಾಣುವುದರಿಂದ, ಹಾಕಿದ್ದೋ ಬಿಟ್ಟದ್ದೋ ತಟ್ಟೆ ನೋಡಿ ತಿಳಿಯುವುದಿಲ್ಲ. ಅದಕ್ಕೇ ಒಬ್ಬರು ಹಂತಗಳ ಪಟ್ಟಿ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹಾಕಬೇಕು. ಓದುವವಳು ನಾನು.

ಒಬ್ಬ ದರ್ಜಿಯ ಕೋಶಗಳು ಬಂದ ದಿನ, ಮೇಜು ಸರಿಯಾಗಿ ಒರೆಸಿಲ್ಲವೆಂದು ದೊಡ್ಡಕ್ಕ ಎಲ್ಲರೆದುರು ನನ್ನನ್ನು ಬೈದಿದ್ದಳು. ನಾನು ಮುಖ ಊದಿಸಿಕೊಂಡು ಕೂತಿದ್ದೆ.

"ಓದೇ" ಎಂದಳು.

"ನಿಂಗೆಲ್ಲಾ ಬಾಯಿಪಾಠ ಇದ್ಯಲ್ಲ ಅಕ್ಕ, ನಾನ್ಯಾಕೆ?"

ಅವಳು ತಾನೇ ಶುರುಮಾಡಿದಳು. ನಡುವೆ ಫೋನ್ ಬಂತು. ಮಾತಾಡಿ ಬಂದವಳೇ ತಟ್ಟೆ ಮುಚ್ಚಿ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಳು. ಸಂಜೆ ನಾನು, ಎಲ್ಲವನ್ನೂ ಓದಿದವಳಂತೆ, ಪಟ್ಟಿಯ ಪ್ರತಿ ಸಾಲಿಗೂ ಗುರುತು ಹಾಕಿ ಸಹಿ ಮಾಡಿದೆ. ಅಷ್ಟು ಕೊಬ್ಬು ನನಗೆ.

ಎರಡನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಉಬ್ಬಿ ಗುಂಪುಗುಂಪಾಗಿದ್ದವು. ದೊಡ್ಡಕ್ಕ ತಡೆಯಲಾರದೆ ದರ್ಜಿಯ ಹೆಂಡತಿಗೆ ಫೋನ್ ಮಾಡಿ, "ಎದ್ದಿವೆ ಕಣಮ್ಮ, ಚೆನ್ನಾಗಿ ಎದ್ದಿವೆ" ಎಂದಳು. ಐದನೆಯ ದಿನ ತಟ್ಟೆಯ ತುಂಬ ಸತ್ತು ಕುಗ್ಗಿದ ಚೂರುಗಳು. ಫ್ರಿಜ್ಜಿನಲ್ಲಿದ್ದ ಎರಡನೆಯ ಸೀಸೆಯ ಸೀಲು ಒಡೆದೇ ಇರಲಿಲ್ಲ. ದರ್ಜಿಯ ರಕ್ತದಲ್ಲಿ ಮತ್ತೊಮ್ಮೆ ತೆಗೆಯುವಷ್ಟು ಕೋಶಗಳು ಉಳಿದಿರಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರು ಪಟ್ಟಿ ಹಿಡಿದು, "ಇವಳು ಓದಿದ್ಲಾ?" ಎಂದು ಕೇಳಿದರು.

"ಓದಿದ್ಲು. ನಾನೇ ಮರೆತೆ" ಎಂದಳು ದೊಡ್ಡಕ್ಕ.

ಅವರು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ವಿಷಯ ತಿಳಿಸಲು ಇಬ್ಬರೂ ದರ್ಜಿಯ ಮನೆಗೆ ಹೋದೆವು. ಅವನು ಒಳಗೆ ಮಲಗಿದ್ದ. ಹೆಂಡತಿ ಹೊಲಿಗೆ ಯಂತ್ರದ ಪಕ್ಕದ ಬೆಂಚಿನ ಮೇಲಿನ ಬಟ್ಟೆ ಸರಿಸಿ ನಮಗೆ ಕೂರಲು ಜಾಗ ಮಾಡಿದಳು.

"ಎದ್ದಿವೆ ಅಂದಿದ್ರಲ್ಲ ಅಕ್ಕ?"

"ಎದ್ದಿದ್ವು ಕಣಮ್ಮ. ಉಳಿಸ್ಕೊಳ್ಳೋದು ನನ್ನ ಕೆಲಸ ಆಗಿತ್ತು. ನಾನು ಮಾಡ್ಲಿಲ್ಲ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ನಮ್ಮಿಬ್ಬರಿಗೂ ನೀರು ತಂದುಕೊಟ್ಟಳು. ನಾನು ಅದನ್ನೂ ಕುಡಿದೆ.

ಮೂರು ವಾರಕ್ಕೆ ದರ್ಜಿ ತೀರಿಹೋದ. ದೊಡ್ಡಕ್ಕನನ್ನು ಗಾಜು ತೊಳೆಯುವ ಕೋಣೆಗೆ ಹಾಕಿದರು. ಅಲ್ಲಿಂದಲೇ ನಿವೃತ್ತಳಾಗಿ, ಹೋದ ವರ್ಷ ಕಣ್ಣುಮುಚ್ಚಿದಳು. ಅವಳ ಜಾಗ ನನಗೆ ಸಿಕ್ಕಿತು. ಎಷ್ಟು ಅನುಭವ ಇದ್ದವರೂ ಹೇಗೆ ಎಡವುತ್ತಾರೆಂದು ಹೊಸಬರಿಗೆ ಹೇಳುವಾಗ ಮುಖ್ಯಸ್ಥರು ಇವತ್ತಿಗೂ ಅವಳ ಹೆಸರನ್ನೇ ಹೇಳುತ್ತಾರೆ. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತೇನೆ.